ಹಳೆಯ ದೆವ್ವದ ಚಿತ್ರದ ಆ ಓಟ

ಪ್ರಶ್ನೆ, ವಿಜಯಪುರ:
ನಿನ್ನೆ ರಾತ್ರಿ ಅಣ್ಣನೊಂದಿಗೆ 1981ರ ‘ದಿ ಈವಿಲ್ ಡೆಡ್’ ನೋಡಿದೆ. ರಕ್ತವು ಬೆಲ್ಲದ ಪಾಕದಂತೆ ಜಿಗುಟಾಗಿ ಇಳಿಯುತ್ತಿತ್ತು, ಮುಖಕ್ಕೆ ಮೆತ್ತಿದ ಬಣ್ಣ ಎದ್ದು ಕಾಣುತ್ತಿತ್ತು. ಆದರೂ ಕಾಣದ ಯಾವುದೋ ಕಾಡಿನೊಳಗಿಂದ ಧಾವಿಸಿ ಬರುವಾಗ ಮೈ ಜುಮ್ಮೆಂದಿತು. ಅದನ್ನು ಹೇಗೆ ಚಿತ್ರೀಕರಿಸಿದ್ದಾರೆ?

ಉತ್ತರ, ಬಾಗಲಕೋಟೆ:
ಪಾಕವೆಂಬ ನಿಮ್ಮ ಊಹೆ ಸರಿಯಾಗಿದೆ; ಅದು ಗೋವಿನಜೋಳದ ಪಾಕಕ್ಕೆ ಬಣ್ಣ ಬೆರೆಸಿದ್ದು. ಹಣದ ಕೊರತೆಯಿದ್ದ ನಿರ್ದೇಶಕ ಸ್ಯಾಮ್ ರೈಮಿ ಕ್ಯಾಮೆರಾವನ್ನು ಮರದ ಹಲಗೆಯ ನಡುವೆ ಬಿಗಿದು, ಎರಡು ತುದಿಗಳನ್ನು ಇಬ್ಬರು ಹಿಡಿದು ಕಾಡಿನಲ್ಲಿ ಓಡುವಂತೆ ಮಾಡಿದರು. ತುದಿಯ ಕುಲುಕಾಟ ನಡುವಿಗೆ ಬರುವಷ್ಟರಲ್ಲಿ ತಗ್ಗುವುದರಿಂದ ದೃಶ್ಯವು ನೆಲವನ್ನು ಸವರಿಕೊಂಡು ತೇಲಿ ಬಂದಂತೆ ಕಾಣುತ್ತದೆ. ಎಂಥ ಜಾಣತನ!

ಉತ್ತರ, ಬೆಳಗಾವಿ:
16 ಎಂ.ಎಂ. ಅಗಲದ ಕಿರಿದಾದ ಫಿಲ್ಮಿನಲ್ಲಿ ತೆಗೆದು, ಚಿತ್ರಮಂದಿರಗಳಿಗಾಗಿ 35 ಎಂ.ಎಂ.ಗೆ ಹಿಗ್ಗಿಸಿದ ಚಿತ್ರವಿದು. ಹಾಗೆ ಹಿಗ್ಗಿಸಿದ್ದರಿಂದ ಕತ್ತಲೆಯಲ್ಲಿ ರವೆಯಂತೆ ಎದ್ದು ಕಾಣುವ ಚಿತ್ರದ ಒರಟುತನವೇ ನನಗೆ ಪ್ರಿಯ.