ಪದಚರ್ಚೆ: ‘ಹೆಡ್‌ವೇ’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ರೈಲು ಸಂಚಾರದ ಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಿಸುತ್ತಿದ್ದೇನೆ. ದಟ್ಟಣೆಯ ನಾಲ್ಕು ಹಳಿ ಮಾರ್ಗದಲ್ಲಿ ಹೊಸ ಹಳಿ ಹಾಕದೆಯೇ ಹೆಚ್ಚು ಗಾಡಿ ಓಡಿಸುವುದು ಹೇಗೆ ಎಂಬುದು ವಿಷಯ. ಇಡೀ ಬರಹ ‘ಹೆಡ್‌ವೇ’ ಎಂಬ ಪದಕ್ಕೆ ಜೋತುಬಿದ್ದಿದೆ: ಒಂದು ಗಾಡಿ ಹಾದುಹೋದ ಜಾಗವನ್ನು ಅದರ ಹಿಂದಿನ ಗಾಡಿ ಹಾಯುವವರೆಗಿನ ಹೊತ್ತು. ಮೂರು ನಿಮಿಷವಾದರೆ ಗಂಟೆಗೆ 20 ಗಾಡಿ, ಎರಡಾದರೆ 30. ‘ಅಂತರ’ ಎಂದು ಬರೆದೆ. ಓದಿದವರು ‘ಎಷ್ಟು ಮೀಟರ್?’ ಎಂದರು. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ‘ಹೊತ್ತಂತರ’ ಸಲ್ಲುತ್ತದೆಯೇ?

> ‘ಹೊತ್ತಂತರ’ ಸಲ್ಲುತ್ತದೆಯೇ?

ಸಲ್ಲದು. ಅರಿಸಮಾಸ: ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟಿದ್ದು ಬಿರುದಾವಳಿಗೆ, ರೈಲು ಫಲಕಕ್ಕಲ್ಲ. ‘ಎಡೆಹೊತ್ತು’ ಎನ್ನಿ. ‘ಎಡೆಬಿಡದೆ’ ಎನ್ನುವಾಗ ಬಾಯಲ್ಲಿ ಇದೇ ‘ಎಡೆ’ ಇರುತ್ತದೆ, ಯಾರೂ ತಡವರಿಸುವುದಿಲ್ಲ.

> ‘ಎಡೆಹೊತ್ತು’ ಎನ್ನಿ.

ಎಂದರೆ ಊಟದ ಬಿಡುವು ಎಂದುಕೊಳ್ಳುತ್ತಾರೆ. ಸಿಗ್ನಲ್ ಕೆಲಸದಲ್ಲಿ ಇದ್ದವರು ‘ಹೆಡ್‌ವೇ’ ಎಂದೇ ಅನ್ನುವುದು. ಅದಿರಲಿ, ಫಲಕದ ತಿರುಳೇ ತಪ್ಪುತ್ತಿದೆ. ಹೆಡ್‌ವೇ ಮೂರು ನಿಮಿಷವಿದ್ದ ಮಾತ್ರಕ್ಕೆ 20 ಗಾಡಿ ಓಡುವುದಿಲ್ಲ. ಎಲ್ಲವೂ ಒಂದೇ ವೇಗದವಾಗಿರಬೇಕು. 40 ಕಿ.ಮೀ. ದಾರಿಯನ್ನು ನಿಧಾನದ ಗಾಡಿ 40 ನಿಮಿಷದಲ್ಲಿ, ವೇಗದ್ದು 20 ನಿಮಿಷದಲ್ಲಿ ಮುಗಿಸುತ್ತದೆ ಎನ್ನಿ. ನಡುವೆ ಹಿಂದಿಕ್ಕಲು ಜಾಗವಿಲ್ಲದಿದ್ದರೆ ವೇಗದ್ದು 23 ನಿಮಿಷ (ಓಟದ ವ್ಯತ್ಯಾಸ 20, ಹೆಡ್‌ವೇ 3) ಕಾದು ಹೊರಡಬೇಕು. ಆರೇಳು ಗಾಡಿಗಳ ಜಾಗವನ್ನು ಒಂದೇ ಒಂದು ನುಂಗಿತು. ನಾಲ್ಕು ಹಳಿ ಹಾಕಿ ವೇಗದವನ್ನೂ ನಿಧಾನದವನ್ನೂ ಬೇರ್ಪಡಿಸುವುದು ಇದಕ್ಕಾಗಿಯೇ. ಹೋಗುವ ಎರಡು ಹಳಿ ಒಂದು ಬದಿಗೆ, ಬರುವ ಎರಡು ಇನ್ನೊಂದು ಬದಿಗೆ ಇದ್ದರೆ ಇನ್ನೂ ಲೇಸು: ನಿಧಾನದ ಹಳಿಯಿಂದ ವೇಗದ ಹಳಿಗೆ ದಾಟುವಾಗ ಎದುರಿನ ಗಾಡಿಗೆ ಅಡ್ಡ ಬರಬೇಕಿಲ್ಲ. ಇದನ್ನು ಫಲಕದಲ್ಲಿ ಹೇಳಿ. ಪದ ಯಾವುದಾದರೇನು!

ನಡುವೆ ಬಾಯಿ ಹಾಕುತ್ತಿದ್ದೇನೆ. ‘ನಾಲ್ಕು ಹಳಿ’ ಎಂದಿರಲ್ಲ, ಉಕ್ಕಿನ ಪಟ್ಟಿ ನಾಲ್ಕೋ ಎಂಟೋ? ಒಂದು ಗಾಡಿ ಓಡಲು ಎರಡು ಹಳಿ ಬೇಕು. ಹಾಗಿದ್ದೂ ಪತ್ರಿಕೆಗಳು ‘ಜೋಡಿ ಹಳಿ’ ಎಂದು ಬರೆಯುವುದು ನಾಲ್ಕು ಪಟ್ಟಿಗಳಿಗೆ. ಮೊದಲು ಇದನ್ನು ತೀರ್ಮಾನಿಸಿ.

> ಪದ ಯಾವುದಾದರೇನು!

ಈ ಧೋರಣೆಯಿಂದಲೇ ಕನ್ನಡ ಹೀಗಾಗಿರುವುದು. ಬ್ಲಾಕ್, ಲೂಪ್, ಸಿಗ್ನಲ್ ಎಲ್ಲ ನುಸುಳಿದವು; ಈಗ ಹೆಡ್‌ವೇ. ಕನ್ನಡದ್ದೆಂದು ಉಳಿದದ್ದು ‘ಹಳಿ’ ಒಂದೇ.

> ಎಲ್ಲ ನುಸುಳಿದವು

ಸ್ವಾಮಿ, ‘ರೈಲು’ ಎಲ್ಲಿಯದು? ಲ್ಯಾಟಿನ್ನಿನ ‘ರೇಗುಲ’ ಹಳೆಯ ಫ್ರೆಂಚ್ ಹಾದು ಇಂಗ್ಲಿಷಿಗೆ ಬಂತು. ಸಾಲ ಮಾಡಿದವರಿಂದಲೇ ನಾವು ಸಾಲ ತಂದೆವು. ಕೊನೆಗೊಂದು ಉಕಾರ ಅಂಟಿಸಿ ‘ರೈಲಿಗೆ, ರೈಲಿನಲ್ಲಿ’ ಎಂದದ್ದೇ ತಡ, ಮನೆಯವನಾಯಿತು. ನನ್ನ ತಕರಾರು ಅಷ್ಟೇ: ‘ಹೆಡ್‌ವೇ’ಗೆ ವಿಭಕ್ತಿ ಸಲೀಸಾಗಿ ಹತ್ತುವುದಿಲ್ಲ. ‘ಹೆಡ್‌ವೇಯನ್ನು ತಗ್ಗಿಸಿ’ ಎಂದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ಓದಿದೆ. ಏನೂ ಆಗಲಿಲ್ಲ.

ಎಲ್ಲರಿಗೂ ವಂದನೆ. ‘ಗಾಡಿಗಳ ನಡುವಣ ಹೊತ್ತು’ ಎಂದು ಬಿಡಿಸಿ ಬರೆದು ಕಳುಹಿಸಿದೆ. 23 ನಿಮಿಷದ ಲೆಕ್ಕವನ್ನೂ ಸೇರಿಸಿದ್ದೇನೆ. ‘ನಾಲ್ಕು ಹಳಿ’ ತೆಗೆದು ‘ನಾಲ್ಕು ಸಾಲು ಹಳಿ’ ಮಾಡಿದೆ.

‘ನಡುವಣ’ ಯಾಕೆ? ‘ನಡುವಿನ’ ಸಾಕಿತ್ತು.