ಕಾಶಿಯಲ್ಲಿ ನಾಲ್ಕು ದಿನ: ತಾಯಿಯವರ ಯಾತ್ರೆಯ ಜೊತೆಗೆ ಊರನ್ನೂ ನೋಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ನನ್ನ ತಾಯಿಯವರನ್ನು ಕಾಶಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ 68 ವರ್ಷ. ಸಮತಟ್ಟಾದ ನೆಲದ ಮೇಲೆ ಅರ್ಧ ಗಂಟೆ ನಿಧಾನವಾಗಿ ನಡೆಯುತ್ತಾರೆ, ಆದರೆ ಮೊಣಕಾಲು ನೋವಿರುವುದರಿಂದ ಮೆಟ್ಟಿಲು ಇಳಿಯುವುದು ಕಷ್ಟ. ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಗಂಗೆಯ ದಡದಲ್ಲಿ ಅವರಿಗೆ ಪಿಂಡಪ್ರದಾನ ಮಾಡಿಸಬೇಕು, ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿಯರ ದರ್ಶನವಾಗಬೇಕು ಎಂಬುದಷ್ಟೇ ತಾಯಿಯವರ ಅಪೇಕ್ಷೆ. ನನಗೋ ಇಂತಹ ಪುರಾತನ ನಗರಕ್ಕೆ ಹೋಗಿ ಬರೀ ಸರತಿ ಸಾಲಿನಲ್ಲಿ ನಿಂತು ವಾಪಸಾಗಲು ಮನಸ್ಸಿಲ್ಲ. ಕೈಯಲ್ಲಿರುವುದು ನಾಲ್ಕು ಪೂರ್ಣ ದಿನಗಳು. ನಾನು ವಿಚಾರಿಸಿದ ಪ್ರವಾಸ ಸಂಸ್ಥೆಯವರು ಎರಡೇ ದಿನದಲ್ಲಿ ಕಾಶಿಯನ್ನು ಮುಗಿಸಿ, ಉಳಿದೆರಡು ದಿನಗಳಲ್ಲಿ ಪ್ರಯಾಗ ಮತ್ತು ಗಯೆಯನ್ನೂ ತೋರಿಸುವುದಾಗಿ ಹೇಳುತ್ತಾರೆ. ಅದಕ್ಕೆ ಒಪ್ಪಿಕೊಳ್ಳಬೇಕೇ, ಅಥವಾ ನಾಲ್ಕೂ ದಿನ ಕಾಶಿಯಲ್ಲೇ ಇರಬೇಕೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾಲ್ಕೂ ದಿನ ಕಾಶಿಯಲ್ಲೇ ಇರಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಮೊಣಕಾಲು ನೋವಿರುವವರನ್ನು ದಿನಕ್ಕೊಂದು ಊರಿನಂತೆ ವಾಹನದಲ್ಲಿ ಕೂರಿಸಿಕೊಂಡು ತಿರುಗಿದರೆ ಅವರಿಗೆ ನೆನಪಿನಲ್ಲಿ ಉಳಿಯುವುದು ರಸ್ತೆ ಮಾತ್ರ.

ತಾಯಿಯವರ ಯಾತ್ರೆ ಬೇರೆ, ನಿಮ್ಮ ಊರು ನೋಡುವ ಆಸೆ ಬೇರೆ ಎಂದು ನೀವು ಭಾವಿಸಿದಂತಿದೆ. ಕಾಶಿಯಲ್ಲಿ ಅವೆರಡನ್ನೂ ಸೇರಿಸುವ ಹಳೆಯ ಮಾರ್ಗವೊಂದಿದೆ, ಅದು ಪಂಚತೀರ್ಥ ಯಾತ್ರೆ. ಅಸ್ಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಮಣಿಕರ್ಣಿಕಾ ಎಂಬ ಐದು ಘಾಟ್‌ಗಳನ್ನು ಇದೇ ಕ್ರಮದಲ್ಲಿ ಮುಟ್ಟಿ ಬರುವ ಈ ಯಾತ್ರೆಯನ್ನು ದೋಣಿಯಲ್ಲಿಯೇ ಮಾಡಬಹುದು. ದಕ್ಷಿಣದ ಅಸ್ಸಿಯಿಂದ ಉತ್ತರದಲ್ಲಿ ವರಣಾ ನದಿ ಗಂಗೆಯನ್ನು ಸೇರುವ ಆದಿಕೇಶವದವರೆಗೆ ಇಡೀ ಹಳೆಯ ನಗರದ ಮುಂಭಾಗ ನಿಮ್ಮ ಕಣ್ಣೆದುರು ಹಾದುಹೋಗುತ್ತದೆ. ನಾನು ನನ್ನ ಅತ್ತೆಯವರನ್ನು ಹೀಗೆಯೇ ಕರೆದುಕೊಂಡು ಹೋಗಿದ್ದೆ. ಪ್ರತಿ ಘಾಟ್‌ನಲ್ಲೂ ಅವರು ದೋಣಿಯ ಅಂಚಿನಲ್ಲಿ ಕುಳಿತೇ ಬಾಗಿ, ಬೊಗಸೆಯಲ್ಲಿ ನೀರೆತ್ತಿ ತಲೆಗೆ ಪ್ರೋಕ್ಷಿಸಿಕೊಂಡರು. ಮೆಟ್ಟಿಲು ಹತ್ತಿ ಇಳಿಯುವ ಕಷ್ಟ ಬರಲೇ ಇಲ್ಲ. ಅಂಬಿಗನೊಡನೆ ಹಿಂದಿನ ಸಂಜೆಯೇ ಮಾತನಾಡಿ, ಎಲ್ಲೆಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು, ಒಟ್ಟು ಎಷ್ಟು ಹಣ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಮೆಟ್ಟಿಲು ಕಡಿಮೆ ಇಳಿದು ದೋಣಿ ಹತ್ತಬಹುದಾದ ಜಾಗ ಯಾವುದೆಂದು ಅವನನ್ನೇ ಕೇಳಿ.

ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಬೇಕು. ಗಂಗೆ ಇಲ್ಲಿ ಉತ್ತರವಾಹಿನಿ. ನಗರವೆಲ್ಲ ಪಶ್ಚಿಮ ದಡದ ಮೇಲಿದ್ದು ಪೂರ್ವಕ್ಕೆ ಮುಖ ಮಾಡಿದೆ, ಎದುರು ದಡವೋ ಬರಿಯ ಮರಳು. ಹಾಗಾಗಿ ಸೂರ್ಯ ಯಾವ ಅಡ್ಡಿಯೂ ಇಲ್ಲದೆ ಮರಳಿನ ಆಚೆಯಿಂದ ಮೇಲೆದ್ದಾಗ ಮೊದಲ ಬೆಳಕು ನೇರವಾಗಿ ಮೆಟ್ಟಿಲುಗಳ ಮೇಲೂ ಅರಮನೆಗಳ ಗೋಡೆಗಳ ಮೇಲೂ ಬೀಳುತ್ತದೆ. ದಶಾಶ್ವಮೇಧದ ಪಕ್ಕದಲ್ಲೇ ಮಾನಮಂದಿರವಿದೆ. ರಾಜಾ ಮಾನಸಿಂಗನ ಆ ಅರಮನೆಯ ಚಾವಣಿಯ ಮೇಲೆ ಜೈಪುರದ ಸವಾಯಿ ಜಯಸಿಂಗ 18ನೇ ಶತಮಾನದಲ್ಲಿ ಖಗೋಳ ವೀಕ್ಷಣಾಲಯವನ್ನು ಕಟ್ಟಿಸಿದ. ತಾಯಿಯವರು ಕೋಣೆಯಲ್ಲಿ ವಿಶ್ರಾಂತಿ ಪಡೆಯುವಾಗ ನೀವು ಒಬ್ಬರೇ ಅಲ್ಲಿಗೆ ಹತ್ತಿ ಹೋಗಿ. ಕಲ್ಲುಗಾರೆಯ ಸಾಮ್ರಾಟ್ ಯಂತ್ರ ಎಂಬ ನೆರಳು ಗಡಿಯಾರದ ಎದುರು ಹತ್ತು ನಿಮಿಷ ನಿಂತರೆ ನೆರಳಿನ ಅಂಚು ಸರಿಯುವುದು ಬರಿಗಣ್ಣಿಗೇ ಕಾಣುತ್ತದೆ. ನನಗೆ ಇಡೀ ಊರಿನಲ್ಲಿ ಅತ್ಯಂತ ಇಷ್ಟವಾದ ಜಾಗ ಅದು, ಅಲ್ಲಿಗೆ ಹತ್ತುವ ಯಾತ್ರಿಕರು ಕಡಿಮೆ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ವಿಶ್ವನಾಥನ ದರ್ಶನಕ್ಕೆ ಬೇರೊಂದು ಮುಂಜಾನೆಯನ್ನು ಮೀಸಲಿಡಿ. ಈಗಿನ ದೇವಾಲಯವನ್ನು 1780ರಲ್ಲಿ ಕಟ್ಟಿಸಿದವರು ಅಹಲ್ಯಾಬಾಯಿ ಹೋಳ್ಕರ್. ಶಿಖರಕ್ಕೆ ಹೊದಿಸಿದ ಚಿನ್ನವನ್ನು ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಕೊಟ್ಟರು. ಡಿಸೆಂಬರ್ 2021ರಲ್ಲಿ ಹೊಸ ಪ್ರಾಂಗಣ ಉದ್ಘಾಟನೆಯಾದ ಮೇಲೆ ನದಿಯ ಕಡೆಯಿಂದಲೂ ಒಳಗೆ ಬರಬಹುದು, ಆದರೆ ಆ ದಾರಿಯಲ್ಲಿ ಮೆಟ್ಟಿಲುಗಳಿವೆ. ತಾಯಿಯವರಿಗೆ ರಸ್ತೆಯ ಕಡೆಯ ದ್ವಾರವೇ ಒಳ್ಳೆಯದು. ಮೊಬೈಲನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನು ಕೋಣೆಯಲ್ಲೇ ಇಟ್ಟು ಹೋದರೆ ಒಂದು ಸಾಲು ಕಡಿಮೆಯಾಗುತ್ತದೆ. ಅನ್ನಪೂರ್ಣೆಯ ಗುಡಿ ಪಕ್ಕದಲ್ಲೇ ಇದೆ. ವಿಶಾಲಾಕ್ಷಿಯ ಗುಡಿ ಮೀರ್ ಘಾಟ್‌ನ ಹತ್ತಿರದ ಗಲ್ಲಿಯಲ್ಲಿದ್ದು, ಅದರ ಬಣ್ಣದ ಗೋಪುರವನ್ನು ಕಂಡಾಗ ದಕ್ಷಿಣಕ್ಕೆ ಮರಳಿದಂತೆ ಅನ್ನಿಸುತ್ತದೆ.

ಎರಡನೆಯ ಉತ್ತರ

ಮೇಲಿನ ಸಲಹೆ ಚೆನ್ನಾಗಿದೆ, ಆದರೆ ಎರಡು ತಿದ್ದುಪಡಿಗಳು. ಫೆಬ್ರವರಿಯ ಮೊದಲ ದಿನಗಳಲ್ಲಿ ಕೆಲವೊಮ್ಮೆ ಮಂಜು ದಟ್ಟವಾಗಿರುತ್ತದೆ, ರೈಲುಗಳೂ ತಡವಾಗುತ್ತವೆ. ಆದ್ದರಿಂದ ದೋಣಿಯ ಯಾತ್ರೆಯನ್ನು ಮೊದಲ ದಿನಕ್ಕೇ ಇಟ್ಟುಕೊಂಡು, ಮಂಜು ಕವಿದರೆ ಮರುದಿನಕ್ಕೆ ಮುಂದೂಡಲು ಅವಕಾಶವಿರಲಿ. ಇನ್ನು ಮಹಾಶಿವರಾತ್ರಿ ಫೆಬ್ರವರಿಯಲ್ಲೇ ಬರುವುದುಂಟು. ಪಂಚಾಂಗ ನೋಡಿ, ಆ ದಿನಗಳ ಆಸುಪಾಸನ್ನು ಬಿಟ್ಟು ಟಿಕೆಟ್ ಮಾಡಿಸಿ, ಏಕೆಂದರೆ ಆಗಿನ ನೂಕುನುಗ್ಗಲಿನಲ್ಲಿ ವಯಸ್ಸಾದವರನ್ನು ಹಿಡಿದುಕೊಂಡು ನಿಲ್ಲುವುದು ನಿಜಕ್ಕೂ ಅಪಾಯಕರ.

ಸಾರನಾಥದ ಮಾತನ್ನು ಯಾರೂ ಎತ್ತಲಿಲ್ಲ. ನಗರದಿಂದ ಸುಮಾರು 10 ಕಿ.ಮೀ. ದೂರವಿರುವ ಅಲ್ಲಿಗೆ ಒಂದಿಡೀ ಬೆಳಗ್ಗೆಯನ್ನು ಕೊಡಿ. ನೆಲ ಸಮತಟ್ಟಾಗಿದೆ, ಹುಲ್ಲುಹಾಸಿದೆ, ತಾಯಿಯವರು ಕುಳಿತು ದಣಿವಾರಿಸಿಕೊಳ್ಳಬಹುದು. ಬುದ್ಧನು ಐವರು ಶಿಷ್ಯರಿಗೆ ಮೊದಲ ಉಪದೇಶ ನೀಡಿದ ಕ್ಷೇತ್ರ ಅದು. ಧಮೇಕ ಸ್ತೂಪದ ಸುತ್ತ ಕೆಳಭಾಗದ ಕಲ್ಲಿನ ಪಟ್ಟಿಯಲ್ಲಿರುವ ಗುಪ್ತರ ಕಾಲದ ಬಳ್ಳಿಯ ಕೆತ್ತನೆಯನ್ನು ಹತ್ತಿರದಿಂದ ನೋಡಿ. ಧರ್ಮರಾಜಿಕ ಸ್ತೂಪದ ಬುಡ ಮಾತ್ರ ಉಳಿದಿರುವುದಕ್ಕೆ ಕಾರಣ, 1794ರಲ್ಲಿ ಜಗತ್ ಸಿಂಗ್ ಎಂಬಾತ ಮಾರುಕಟ್ಟೆ ಕಟ್ಟಿಸಲು ಅದರ ಇಟ್ಟಿಗೆಗಳನ್ನು ಕೀಳಿಸಿಕೊಂಡು ಹೋದದ್ದು. ಅಶೋಕ ಸ್ತಂಭದ ಮುರಿದ ಬುಡ ಉತ್ಖನನದ ಜಾಗದಲ್ಲೇ ಇದೆ, 1904-05ರ ಉತ್ಖನನದಲ್ಲಿ ಸಿಕ್ಕಿದ, ಸ್ತಂಭದ ತುದಿಯಲ್ಲಿದ್ದ ಸಿಂಹಬೋದಿಗೆ ವಸ್ತುಸಂಗ್ರಹಾಲಯದಲ್ಲಿದೆ. ನಾವು ದಿನವೂ ನೋಟಿನ ಮೇಲೆ ಕಾಣುವ ಆ ಸಿಂಹಗಳ ಮೂಲ ಕಲ್ಲಿನ ಹೊಳಪನ್ನು ಎದುರಿಗೆ ನಿಂತು ನೋಡಿದಾಗ, ಅದು ಎರಡು ಸಾವಿರ ವರ್ಷಕ್ಕೂ ಹಳೆಯದೆಂದು ನಂಬುವುದೇ ಕಷ್ಟವಾಗುತ್ತದೆ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನಾನು ಅದನ್ನು ತಿಳಿಯದೆ ಶುಕ್ರವಾರವೇ ಹೋಗಿ, ಬೀಗ ಹಾಕಿದ ಬಾಗಿಲನ್ನು ನೋಡಿಕೊಂಡು ಹಿಂತಿರುಗಿದ್ದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಪ್ರಯಾಗ ಮತ್ತು ಗಯೆಯನ್ನು ಈ ಬಾರಿ ಕೈಬಿಟ್ಟಿದ್ದೇವೆ. ಪಂಚತೀರ್ಥದ ವಿಷಯ ಕೇಳಿ ತಾಯಿಯವರಿಗೆ ಬಹಳ ಸಂತೋಷವಾಯಿತು. ಒಂದೇ ಒಂದು ಅಳುಕು ಉಳಿದಿದೆ. ದೋಣಿ ಮಣಿಕರ್ಣಿಕೆಯಲ್ಲಿ ನಿಲ್ಲುವಾಗ ಎದುರಿಗೇ ಚಿತೆಗಳು ಉರಿಯುತ್ತಿರುತ್ತವೆಯಲ್ಲವೇ? ತಂದೆಯವರನ್ನು ಕಳೆದುಕೊಂಡ ದುಃಖ ಅವರಲ್ಲಿ ಇನ್ನೂ ಹಸಿಯಾಗಿದೆ. ಕರ್ಮಾಂತರಕ್ಕೆ ಕನ್ನಡ ಬಲ್ಲ ಪುರೋಹಿತರು ಸಿಗುತ್ತಾರೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೆಯ ಉತ್ತರ

ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನು ನನ್ನ ತಾಯಿಯನ್ನು ಕರೆದುಕೊಂಡು ಹೋದದ್ದೂ ಇಂತಹದೇ ಸಂದರ್ಭದಲ್ಲಿ. ಮಣಿಕರ್ಣಿಕೆಯಲ್ಲಿ ಹಗಲೂ ರಾತ್ರಿಯೂ ದಹನ ನಡೆಯುತ್ತದೆ. ಮೆಟ್ಟಿಲಿನ ಪಕ್ಕದಲ್ಲಿ ಆಳೆತ್ತರಕ್ಕೂ ಮೀರಿ ಸೌದೆ ಒಟ್ಟಿರುತ್ತಾರೆ, ಗುಡಿಗಳ ಗೋಡೆಗಳು ಹೊಗೆಯಿಂದ ಕಪ್ಪಾಗಿವೆ. ಅಲ್ಲಿ ಇರುವುದನ್ನು ಮೊದಲೇ ತಾಯಿಯವರಿಗೆ ಹೇಳಿ, ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ. ನನ್ನ ತಾಯಿ ನಿಲ್ಲಿಸು ಎಂದರು, ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು, ಆಮೇಲೆ ಕೈಮುಗಿದು ಹೊರಡು ಎಂದರು. ಫೋಟೊ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ದಡಕ್ಕೆ ಇಳಿದರೆ ಬಡವರ ಸೌದೆಗೆಂದು ಹಣ ಕೇಳುವವರು ಎದುರಾಗಬಹುದು, ವಿನಯದಿಂದಲೇ ಬೇಡವೆಂದು ಹೇಳಿ ಮುಂದೆ ಹೋಗಿ.

ಕರ್ಮಾಂತರಕ್ಕೆ ಹನುಮಾನ್ ಘಾಟ್ ಮತ್ತು ಕೇದಾರ ಘಾಟ್‌ಗಳ ಸುತ್ತ ವಿಚಾರಿಸಿ. ದಕ್ಷಿಣದವರು ಹಿಂದಿನಿಂದಲೂ ನೆಲೆಸಿರುವ ಭಾಗ ಅದು, ಹನುಮಾನ್ ಘಾಟ್‌ನ ಹತ್ತಿರವೇ ಕರ್ನಾಟಕ ಘಾಟ್ ಕೂಡ ಇದೆ. ಸಂಭಾವನೆಯನ್ನು ಸಂಕಲ್ಪಕ್ಕೆ ಮೊದಲೇ ಮಾತನಾಡಿಕೊಳ್ಳಿ, ನಡುವೆ ಮಾತು ಬೆಳೆದರೆ ತಾಯಿಯವರ ಮನಸ್ಸು ನೋಯುತ್ತದೆ. ಬಿಡುವಿದ್ದರೆ ಗೋದೌಲಿಯಾದ ಸಮೀಪದ ಜಂಗಮವಾಡಿ ಮಠಕ್ಕೂ ಕರೆದುಕೊಂಡು ಹೋಗಿ. ವೀರಶೈವರ ಕಾಶೀ ಪೀಠವಾದ ಅಲ್ಲಿ, ಅಗಲಿದವರ ನೆನಪಿಗೆಂದು ಮನೆಯವರು ಅರ್ಪಿಸಿದ ಸಾವಿರಾರು ಶಿವಲಿಂಗಗಳಿವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವೂ ಸಾಲುಸಾಲಾಗಿ ಒತ್ತೊತ್ತಾಗಿ ಕುಳಿತಿವೆ. ನನ್ನ ತಾಯಿ ಅವುಗಳ ನಡುವೆ ಬಹಳ ಹೊತ್ತು ನಿಂತರು, ಮೊಣಕಾಲು ನೋಯುತ್ತಿದೆ ಎಂದು ಅಂದು ಒಮ್ಮೆಯೂ ಹೇಳಲಿಲ್ಲ.