ಸದ್ಗುಣದ ಚರ್ಚೆಯಲ್ಲಿ ‘ಹದ’ ಎಂಬ ಪದ ಸಲ್ಲುವುದೇ?

ಮಾನ್ಯರೇ,

ಮಂಡ್ಯದಲ್ಲಿ ನಾವು ಕೆಲವರು ಸೇರಿ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್‌ನ, ಸದ್ಗುಣವನ್ನು ಕುರಿತ ‘ನಿಕೊಮೇಕಿಯನ್ ಎಥಿಕ್ಸ್’ ಕೃತಿಯ ಎರಡನೆಯ ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮನೆ ಕಟ್ಟಿ ಕಟ್ಟಿಯೇ ಒಬ್ಬನು ಆ ಕಸುಬಿನವನಾಗುವಂತೆ, ನ್ಯಾಯವಾಗಿ ನಡೆದೂ ನಡೆದೂ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬುದು ಅಲ್ಲಿನ ಮುಖ್ಯ ಮಾತು. ಇದಕ್ಕೆ ‘ರೂಢಿ’, ‘ಮೈಗೂಡು’ ಎಂಬ ಪದಗಳು ಸಲೀಸಾಗಿ ಒದಗಿದವು. ತೊಡಕಾಗಿರುವುದು ‘ಮೆಸೋಟೆಸ್’ ಎಂಬ ಗ್ರೀಕ್ ಪದ; ಅತಿಗೂ ಕೊರತೆಗೂ ನಡುವೆ ತಕ್ಕಷ್ಟಿರುವ ಸ್ಥಿತಿ ಎಂದು ಅದರ ಅರ್ಥ, ಸದ್ಗುಣವೆಂದರೆ ಅದೇ ಎನ್ನುತ್ತಾನೆ ಅರಿಸ್ಟಾಟಲ್. ‘ಮಧ್ಯಮ ಮಾರ್ಗ’ ಎಂದರೆ ಬುದ್ಧನ ಉಪದೇಶ ನೆನಪಾಗುತ್ತದೆ. ‘ನಡುಬಿಂದು’ ಎಂದರೆ ಅರ್ಥವೇ ಕೆಡುತ್ತದೆ. ಹತ್ತು ಪಾಲು ಊಟ ಹೆಚ್ಚು, ಎರಡು ಕಡಿಮೆ ಎಂದಮಾತ್ರಕ್ಕೆ ಆರು ಎಲ್ಲರಿಗೂ ಸರಿಯಾಗದು, ಮೈಲೋನಂಥ ಜಟ್ಟಿಗೆ ಅದು ಸಾಲದು, ಗರಡಿಗೆ ಹೊಸಬನಾದವನಿಗೆ ಅತಿಯಾಯಿತು ಎಂದು ಅರಿಸ್ಟಾಟಲನೇ ಬಿಡಿಸಿ ಹೇಳಿದ್ದಾನೆ.

ನನಗೆ ‘ಹದ’ ಹೊಳೆದದ್ದು ನಮ್ಮೂರಿನ ಆಲೆಮನೆಯಲ್ಲಿ. ಕೊಪ್ಪರಿಗೆಯ ಪಾಕ ಕುದಿಯುತ್ತಿರುವಾಗ ಹಿರಿಯರೊಬ್ಬರು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳ ನಡುವೆ ಉರುಳಿಸಿ ನೋಡಿ, ‘ಇನ್ನೂ ಹದ ಬಂದಿಲ್ಲ’ ಎಂದರು. ಕಲಿಯುವುದು ಹೇಗೆ ಎಂದು ಕೇಳಿದ್ದಕ್ಕೆ, ‘ಏಳ್ಕೊಟ್ರೆ ಬರಕಿಲ್ಲ ಮೇಷ್ಟ್ರೇ, ಬೇಯಿಸ್ತಾ ಬೇಯಿಸ್ತಾ ಕೈಗತ್ತದೆ’ ಎಂದರು. ಕಡಿಮೆ ಬೆಂದರೆ ಅಚ್ಚಿನಲ್ಲಿ ಬೆಲ್ಲ ಗಟ್ಟಿಯಾಗದು, ಹೆಚ್ಚು ಬೆಂದರೆ ಸೀದು ಕಪ್ಪಾಗುತ್ತದೆ. ಕಬ್ಬು ಬದಲಾದರೆ ಒಲೆಯ ಮೇಲಿಡುವ ಹೊತ್ತೂ ಬದಲಾಗುತ್ತದೆ. ಮೂಲದ ಪದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಕಾಣಲಿಲ್ಲ.

ಆದರೆ ಬಳಕೆಯಲ್ಲಿ ಒಂದು ಕೊರತೆಯಿದೆ. ಹಳಗನ್ನಡದ ‘ಪದ’ವೇ ‘ಹದ’ವಾದದ್ದು, ತಮಿಳಿನ ‘ಪದಂ’ ಕೂಡ ಇದರ ನಂಟೇ (ನುಡಿ ಎಂಬ ಅರ್ಥದ ಸಂಸ್ಕೃತದ ‘ಪದ’ ಬೇರೆ). ಮಣ್ಣು, ಚರ್ಮ, ಪಾಕಗಳಿಗೆ ಹದ ಉಂಟು. ಆರೋಗ್ಯವೂ ಆಡಳಿತವೂ ‘ಹದಗೆಡುತ್ತವೆ’. ಮನುಷ್ಯನನ್ನು ಕುರಿತು ಹೇಳುವಾಗ ಮಾತ್ರ ‘ಹದವರಿತವನು’ ಎನ್ನುತ್ತೇವೆ, ಅಂದರೆ ಹದವು ಅವನ ಕೆಲಸದಲ್ಲಿದೆ, ಅವನು ಅದನ್ನು ಬಲ್ಲವನಷ್ಟೆ. ಅರಿಸ್ಟಾಟಲ್ ಹೇಳುವುದು ರೂಢಿಯಿಂದ ಮನುಷ್ಯನೊಳಗೇ ನೆಲೆಗೊಂಡ ಸ್ಥಿತಿಯನ್ನು; ತಕ್ಕವರ ಮೇಲೆ, ತಕ್ಕ ಹೊತ್ತಿನಲ್ಲಿ, ತಕ್ಕಷ್ಟೇ ಸಿಟ್ಟಾಗುವುದು ಸುಲಭವಲ್ಲ ಎಂದು ಅವನು ಬರೆದಾಗ ಅವನ ಕಣ್ಣು ಸಿಟ್ಟಾಗುವವನ ಮೇಲೂ ಇದೆ. ಅದಕ್ಕಾಗಿ ‘ಹದಗೊಂಡ ಮನಸ್ಸು’ ಎಂದು ಬರೆದಿದ್ದೇನೆ.

‘ಹದಗೊಂಡವನು’ ಎಂದು ವ್ಯಕ್ತಿಯನ್ನೇ ಹೇಳುವ ಬಳಕೆ ನಿಮ್ಮ ಕಡೆಯ ಆಡುಮಾತಿನಲ್ಲಾಗಲಿ ಹಳೆಯ ಪಠ್ಯಗಳಲ್ಲಾಗಲಿ ಇದೆಯೇ? ‘ಅವನು ಹದವಾಗಿ ಸಿಟ್ಟಾದ’ ಎಂಬ ವಾಕ್ಯ ನಿಮ್ಮ ಕಿವಿಗೆ ಸಹಜವಾಗಿದೆಯೇ, ಅಥವಾ ಅಲ್ಲಿ ‘ಹದವರಿತು’ ಎಂದೇ ಇರಬೇಕೇ?